ಬಾಣಂತಿಗೆ ಎಷ್ಟು ದಿನ?

ಬಸುರಿ ಎಂಬ ಮಾತು ನಮ್ಮ ಶಾಲೆಯ ನಿಯಮಾವಳಿಯಲ್ಲಿ ಎಲ್ಲಿಯೂ ಇರಲಿಲ್ಲ. ಉಪಾಧ್ಯಾಯಿನಿಯರು ಎಷ್ಟು ಹೊತ್ತಿಗೆ ಬರಬೇಕು, ಜ್ವರ ಬಂದರೆ ಯಾರಿಗೆ ಚೀಟಿ ಕಳಿಸಬೇಕು, ಮಳೆ ಬಂದು ಕೊಠಡಿ ಸೋರಿದರೆ ಮಕ್ಕಳನ್ನು ಎಲ್ಲಿ ಕೂರಿಸಬೇಕು, ಎಲ್ಲವನ್ನೂ ಬರೆದಿದ್ದರು. ಮನೆಯಲ್ಲಿ ಸಾವಾದರೆ ಸೂತಕ ಕಳೆಯುವ ತನಕ ರಜೆ ಇತ್ತು. ಹೆರಿಗೆಗೆ ಒಂದು ದಿನವೂ ಇರಲಿಲ್ಲ.

ಇದರಲ್ಲಿ ಬರೆದವರ ಕೆಟ್ಟತನವೇನೂ ಇರಲಿಲ್ಲ. ಮದ್ದೂರಿನ ಕೆಲವು ಹಿರಿಯರು ಸೇರಿ ಒಂದು ಸಮಿತಿ ಮಾಡಿ, ಬಾಡಿಗೆ ಮನೆಯೊಂದರಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದಿದ್ದರು. ನನ್ನನ್ನು ಬಿಟ್ಟರೆ ಅಲ್ಲಿ ಇನ್ನಿಬ್ಬರು ಉಪಾಧ್ಯಾಯಿನಿಯರು. ಇಬ್ಬರೂ ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡು, ಅಣ್ಣಂದಿರ ಮನೆಯಲ್ಲಿದ್ದುಕೊಂಡು ಓದಿ ಕೆಲಸಕ್ಕೆ ಬಂದವರು. ಪಾಠ ಹೇಳುವ ಹೆಂಗಸು ಎಂದರೆ ಅಂಥವಳೇ ಎಂದು ಎಲ್ಲರೂ ತಿಳಿದಿದ್ದ ಕಾಲ ಅದು. ಹಣೆಯಲ್ಲಿ ಕುಂಕುಮ ಇಟ್ಟುಕೊಂಡು, ತಾಲ್ಲೂಕು ಕಚೇರಿಯ ಗುಮಾಸ್ತರೊಬ್ಬರ ಹೆಂಡತಿಯಾಗಿ ಪಾಠಕ್ಕೆ ನಿಂತವಳು ಅಲ್ಲಿ ನಾನೇ ಮೊದಲು. ಹಾಗಾಗಿ ಬಸುರಿಯಾದವಳೂ ನಾನೇ ಮೊದಲು.

ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಶುರುವಾಗಿ ಒಂದೆರಡು ವರ್ಷ ಕಳೆದಿತ್ತು. ನಾಲೆಯ ನೀರು ಬಂದ ಕಡೆಯೆಲ್ಲ ಕಬ್ಬು ಎದ್ದಿತ್ತು. ಶಾಲೆಯ ಮುಂದೆ ಕಬ್ಬಿನ ಗಾಡಿಗಳು ಸಾಲುಗಟ್ಟಿ ಹೋಗುವಾಗ ಗಾಲಿಯ ಸದ್ದಿಗೆ ಪದ್ಯ ಹೇಳಿಕೊಡುವುದೇ ಆಗುತ್ತಿರಲಿಲ್ಲ. ಆಗ ನಾನು ಮಕ್ಕಳಿಂದ ಲೆಕ್ಕ ಮಾಡಿಸುತ್ತಿದ್ದೆ. ಆ ಕೆಲಸವನ್ನು ನಾನು ಚೆನ್ನಾಗಿ ಮಾಡುತ್ತಿದ್ದೆ. ಇದನ್ನು ಹೇಳಿಕೊಳ್ಳಲು ನನಗೆ ಆಗಲೂ ಸಂಕೋಚವಿರಲಿಲ್ಲ, ಈಗಲೂ ಇಲ್ಲ.

ನಾಲ್ಕು ತಿಂಗಳು ತುಂಬಿದಾಗ ಸಮಿತಿಯ ಕಾರ್ಯದರ್ಶಿಗಳ ಹತ್ತಿರ ಹೋಗಿ ವಿಷಯ ತಿಳಿಸಿದೆ. ಅವರು ವಕೀಲರು, ಮರ್ಯಾದಸ್ಥರು. ಮಾತು ಕೇಳಿದೊಡನೆ ಕಿಟಕಿಯ ಕಡೆ ತಿರುಗಿಕೊಂಡು ಕನ್ನಡಕ ಒರೆಸತೊಡಗಿದರು.

“ನೋಡಮ್ಮಾ, ನಿಯಮದಲ್ಲಿ ಕೊಡಿ ಅಂತಲೂ ಇಲ್ಲ, ಬೇಡ ಅಂತಲೂ ಇಲ್ಲ. ಇಲ್ಲದ್ದನ್ನು ನಾನು ಎಲ್ಲಿಂದ ತರಲಿ? ರಾಜೀನಾಮೆ ಬರೆದುಕೊಡಿ. ಎಲ್ಲಾ ಸುಸೂತ್ರವಾಗಿ ಆದ ಮೇಲೆ ಜಾಗ ಇದ್ದರೆ ನೋಡೋಣ.”

“ಜಾಗ ಇರೋದಿಲ್ಲ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ನಾನು ರಾಜೀನಾಮೆ ಕೊಡೋದಿಲ್ಲ. ರಜೆಗೆ ಅರ್ಜಿ ಕೊಡ್ತೀನಿ,” ಎಂದೆ.

“ಯಾವ ನಿಯಮದ ಕೆಳಗೆ ಕೊಡ್ತೀರಿ?”

“ಹುಡುಕಿಕೊಂಡು ಬರ್ತೀನಿ,” ಎಂದು ಹೇಳಿ ಮನೆಗೆ ಬಂದೆ.

ಹುಡುಕುವುದಕ್ಕೆ ಮನೆಯಲ್ಲೇ ಒಬ್ಬರಿದ್ದರು. ನಮ್ಮ ಮಾವನವರು ಶಿರಸ್ತೇದಾರರಾಗಿ ನಿವೃತ್ತರಾದವರು. ಒಂದು ಕಪಾಟಿನ ತುಂಬ ಕಾನೂನಿನ ಪುಸ್ತಕಗಳು, ಇನ್ನೊಂದರಲ್ಲಿ ಧರ್ಮಶಾಸ್ತ್ರದ ಗ್ರಂಥಗಳು. ಯಾರಾದರೂ ಬಂದು ಪ್ರಶ್ನೆ ಕೇಳಿದರೆ ಅವರಿಗೆ ಹಬ್ಬ. ನಾನು ಹೇಳಿದ್ದನ್ನು ಕೇಳಿ ಅವರು ಮುಖ ತಿರುಗಿಸಲಿಲ್ಲ. ಮಣೆ ಹಾಕಿಕೊಂಡು ಎರಡೂ ಕಪಾಟಿನ ಮಧ್ಯೆ ಕೂತರು.

“ಶಾಸ್ತ್ರದಲ್ಲಿ ಪುರುಡು ಹತ್ತು ದಿನ,” ಎಂದರು ಸ್ವಲ್ಪ ಹೊತ್ತಿನ ಮೇಲೆ. “ಆದರೆ ಅದು ಮೈಲಿಗೆ ವಿಚಾರ ಕಣಮ್ಮ. ಮೈಗೆ ವಿಶ್ರಾಂತಿ ಬೇಕು ಅನ್ನೋ ವಿಚಾರ ಅಲ್ಲ.”

ಒಳಗಿನಿಂದ ಅತ್ತೆಯ ದನಿ ಬಂತು. “ಹತ್ತು ದಿನಕ್ಕೆ ಬಾಣಂತೀನ ಎಬ್ಬಿಸಿದರೆ ಸೊಂಟ ಉಳಿಯುತ್ತಾ? ಮೂರು ತಿಂಗಳು. ಅದಕ್ಕೆ ಪುಸ್ತಕ ಬೇರೆ ನೋಡಬೇಕೆ?”

ಮಾವನವರು ನಕ್ಕು, ಇನ್ನೊಂದು ಕಪಾಟಿಗೆ ಕೈ ಹಾಕಿದರು. ಅಲ್ಲಿಯೂ ನಮ್ಮ ಶಾಲೆಗೆ ಹೊಂದುವುದು ಏನೂ ಸಿಗಲಿಲ್ಲ. ಆದರೆ ಅವರಿಗೆ ಒಂದು ವಿಷಯ ನೆನಪಿತ್ತು. “ಬೊಂಬಾಯಿ ಸೀಮೆಯಲ್ಲಿ ಗಿರಣಿ ಹೆಂಗಸರಿಗೆ ಒಂದು ಕಾನೂನು ಮಾಡಿದ್ದಾರೆ. ಹೆರಿಗೆಯ ಹಿಂದೆ ಮುಂದೆ ಇಷ್ಟು ದಿನ ಕೆಲಸಕ್ಕೆ ಕರೆಯೋ ಹಾಗಿಲ್ಲ, ಆ ದಿನಗಳಿಗೆ ಮಾಲೀಕ ಏನಾದರೂ ಕೊಡಲೇಬೇಕು ಅಂತ. ನಮ್ಮ ಸಂಸ್ಥಾನದಲ್ಲಿ ಇನ್ನೂ ಅಂಥದ್ದು ಬಂದಿಲ್ಲ. ಬಂದರೂ ನೀನು ಗಿರಣಿಯಲ್ಲಿಲ್ಲವಲ್ಲ.”

ಆ ಸಂಜೆ ಇಬ್ಬರೂ ಕೂತು ಅರ್ಜಿ ಬರೆದೆವು. ‘ಈ ಶಾಲೆಯಲ್ಲಿ ಕೆಲಸ ಮಾಡುವ ಹೆಂಗಸರಿಗೆ’ ಎಂದು ನಾನು ಮೊದಲು ಬರೆದಿದ್ದೆ. ಮಾವನವರು ಅದರ ಮೇಲೆ ಬೆರಳಿಟ್ಟರು. “ಕೇಳೋದು ಚಿಕ್ಕದಾಗಿ ಕಂಡರೆ ಬೇಗ ಕೊಡ್ತಾರೆ. ‘ಉಪಾಧ್ಯಾಯಿನಿಯರಿಗೆ’ ಅಂತ ಬರಿ. ಮೂರು ಜನ. ಅದರಲ್ಲಿ ಇಬ್ಬರಿಗೆ ಇದು ಬೇಕಾಗೋದೇ ಇಲ್ಲ.” ಸರಿಯೆನಿಸಿತು. ಹೊಡೆದು ಹಾಕಿ, ಉಪಾಧ್ಯಾಯಿನಿಯರು ಎಂದು ದುಂಡಗೆ ಬರೆದೆ. ಆ ಪದದ ಮೇಲೆ ನನಗೆ ಪ್ರೀತಿಯೂ ಇತ್ತು.

ಸಮಿತಿಯ ಅಧ್ಯಕ್ಷರು ಕೊಪ್ಪದ ಕಡೆಯ ದೊಡ್ಡ ಒಕ್ಕಲು. ಗದ್ದೆ, ಕಬ್ಬು, ಕರೆಯುವ ಎಮ್ಮೆಗಳು, ತಲೆತಲಾಂತರದ ಮನೆ. ಕಾರ್ಯದರ್ಶಿಗಳಿಗೆ ಅರ್ಜಿ ಕೊಡುವ ಮೊದಲು ಇವರನ್ನು ಕಾಣಬೇಕೆಂದು ನಾನೇ ಹಟ ಹಿಡಿದೆ. ಒಂದು ಭಾನುವಾರ ಮಾವನವರೂ ನಾನೂ ಎತ್ತಿನ ಗಾಡಿಯಲ್ಲಿ ಹೋದೆವು. ಗಾಡಿಯಲ್ಲಿ ಹುಲ್ಲು ಹಾಸಿ ಮೇಲೆ ಜಮಖಾನ ಹಾಕಿದ್ದರೂ ದಾರಿಯುದ್ದಕ್ಕೂ ಹೊಟ್ಟೆ ಹಿಡಿದುಕೊಂಡೇ ಕೂತಿದ್ದೆ.

ಅಧ್ಯಕ್ಷರು ಜಗಲಿಯ ಮೇಲೆ ಹಗ್ಗ ಹೊಸೆಯುತ್ತಿದ್ದರು. ನಮ್ಮನ್ನು ಕಂಡು ಎದ್ದು ನಿಂತು, ಎಳನೀರು ಕೆತ್ತಿಸಿ ಕೊಟ್ಟರು. ಅರ್ಜಿಯನ್ನು ನಾನೇ ಓದಿ ಹೇಳಿದೆ. ಅವರು ತಲೆ ಕೆರೆದುಕೊಂಡರು.

“ಕಾನೂನ್ ಗೀನೂನೆಲ್ಲಾ ವಕೀಲ್ರುದು ಕಣಮ್ಮ. ನಂಗೇನ್ ಗೊತ್ತಾಯ್ತದೆ?”

“ಕಾನೂನು ಬೇಡ. ನಾನು ಕೇಳೋದಕ್ಕೆ ಉತ್ತರ ಹೇಳಿ. ನಿಮ್ಮ ಗದ್ದೆಗೆ ನಾಟಿಗೆ ಬರುವ ಹೆಂಗಸು ಹೆತ್ತರೆ ಏನು ಮಾಡ್ತೀರಿ?”

“ಏನ್ ಮಾಡಾದು? ಎತ್ತೋಳು ಮನೇಲಿರ್ತಾಳೆ.”

“ಎಷ್ಟು ದಿನ?”

“ಬಾವಿತಾವ ಓಗಿ ಗಂಗೆ ಪೂಜೆ ಮಾಡೋಗಂಟ ಯಾರೂ ಕರಿಯಾಕಿಲ್ಲ. ಆಮೇಕೂ ಮೈ ಗಟ್ಟಿಯಾಗ್ಲಿ ಅಂತ ಬುಡ್ತೀವಿ.”

“ಕರೆದರೆ?”

“ಕರೆದ್ರಾ? ಬಾಣಂತೀನ ಗದ್ದೆಗಿಳಿಸ್ದ ಅಂತ ಊರೇ ಮಕಕ್ಕೆ ಉಗೀತದೆ. ಆಮೇಲೆ ಅವನ ಗದ್ದೆಗೆ ಒಂದ್ ಆಳೂ ಬರಾಕಿಲ್ಲ.”

“ಅವಳ ಮನೆಯ ಗದ್ದೆ ನಾಟಿ ಆಗಬೇಕಲ್ಲ, ಅದಕ್ಕೆ?”

“ಮುಯ್ಯಾಳು ಓಯ್ತಾರೆ. ಇವತ್ತು ನಿನ್ ಗದ್ದೆಗೆ ನಾನು ಬತ್ತೀನಿ, ನಾಳೆ ನನ್ ಗದ್ದೆಗೆ ನೀನು ಬಾ. ಈ ವರ್ಸ ಎತ್ತಿದ್ರೆ ಬರೋ ವರ್ಸ ಮುಯ್ಯಿ ತೀರಿಸ್ತಾಳೆ. ಅದ್ರಲ್ಲೇನದೆ?”

“ಇದನ್ನೆಲ್ಲ ಎಲ್ಲಿ ಬರೆದಿಟ್ಟಿದ್ದೀರಿ?”

ಅವರು ಹಗ್ಗ ಬಿಟ್ಟು ನನ್ನ ಮುಖ ನೋಡಿದರು. “ಬರಿಯಾದ್ಯಾಕೆ? ಎಲ್ರಿಗೂ ಗೊತ್ತಲ್ಲ.”

“ಹಾಗಾದರೆ ನಿಮ್ಮ ಗದ್ದೆಯಲ್ಲಿರೋ ನ್ಯಾಯ, ನೀವೇ ಅಧ್ಯಕ್ಷರಾಗಿರೋ ಶಾಲೆಯಲ್ಲಿ ಯಾಕಿಲ್ಲ?”

ಮಾವನವರು ಕೆಮ್ಮಿದರು, ಸೊಸೆಯ ಮಾತು ಜಾಸ್ತಿಯಾಯಿತೆಂದು. ಅಧ್ಯಕ್ಷರು ಮಾತ್ರ ತೊಡೆ ತಟ್ಟಿಕೊಂಡು ನಕ್ಕುಬಿಟ್ಟರು. “ಸ್ವಾಮಿ, ನಿಮ್ ಸೊಸೆ ಲಾಯರಿ ಆಗ್ಬೇಕಾಗಿತ್ತು ಕಣ್ರೀ! ನಡೀರಿ, ವಕೀಲ್ರಿಗೆ ನಾನು ಯೋಳ್ತೀನಿ.”

ಹೇಳಿದಂತೆ ನಡೆದುಕೊಂಡರು. ಮುಂದಿನ ಸಭೆಯಲ್ಲಿ ಕಾರ್ಯದರ್ಶಿಗಳು ಎರಡು ಮೂರು ಆಕ್ಷೇಪಣೆ ಎತ್ತಿದರಂತೆ. ಬೇರೆ ಊರುಗಳಲ್ಲಿ ಹೀಗಿಲ್ಲ ಎಂದರಂತೆ. “ಬೊಂಬಾಯಿಲಿ ಅದೆಯಂತೆ, ಕೊಪ್ಪದಲ್ಲೂ ಅದೆ. ನಡುವೆ ಮದ್ದೂರಲ್ಲಿ ಮಾತ್ರ ಯಾಕಿರಬಾರ್ದು?” ಎಂದು ಅಧ್ಯಕ್ಷರು ಕೇಳಿದರಂತೆ. ಉಪಾಧ್ಯಾಯಿನಿಯರಿಗೆ ಹೆರಿಗೆಗಾಗಿ ಮೂರು ತಿಂಗಳ ರಜೆ, ಆ ಅವಧಿಗೆ ಅರ್ಧ ಸಂಬಳ, ಕೆಲಸ ಕಾದಿರಿಸುವುದು ಎಂದು ನಿರ್ಣಯವಾಯಿತು. ಕಾರ್ಯದರ್ಶಿಗಳೇ ಅದನ್ನು ಅಂದವಾದ ಅಕ್ಷರದಲ್ಲಿ ನಿಯಮಾವಳಿಯ ಕೊನೆಗೆ ಬರೆದು ಅಂಟಿಸಿದರು. ನಾನು ಅದನ್ನು ಎರಡು ಸಲ ಓದಿದೆ.

ತಿಂಗಳು ತುಂಬಿದಾಗ ಮಳವಳ್ಳಿಯ ತೌರುಮನೆಗೆ ಹೋದೆ. ಹೆಣ್ಣುಮಗು ಹುಟ್ಟಿತು. ಅಮ್ಮ ದಿನವೂ ಹಂಡೆ ಹಂಡೆ ಬಿಸಿನೀರು ಹುಯ್ದು, ಮೆಣಸಿನ ಸಾರು, ಬಾಣಂತಿ ಖಾರ, ತುಪ್ಪ ತಿನ್ನಿಸಿ, ತಲೆಗೆ ಬಟ್ಟೆ ಬಿಗಿದು ಸಾಂಬ್ರಾಣಿ ಹೊಗೆಯಲ್ಲಿ ಮಲಗಿಸುತ್ತಿದ್ದಳು. ನೋಡಲು ಬಂದ ನೆಂಟರಿಗೆಲ್ಲ ನಾನು ಮಗುವನ್ನು ತೋರಿಸುವ ಮೊದಲೇ ರಜೆಯ ಕತೆ ಹೇಳುತ್ತಿದ್ದೆನಂತೆ. ಅಮ್ಮ ಕೊನೆಯವರೆಗೂ ಇದನ್ನು ಹೇಳಿ ಹಾಸ್ಯ ಮಾಡುತ್ತಿದ್ದಳು. ಮೂರು ತಿಂಗಳಿಗೆ ಸರಿಯಾಗಿ ಶಾಲೆಗೆ ಹಿಂತಿರುಗಿದೆ. ಮಗುವನ್ನು ಅತ್ತೆ ನೋಡಿಕೊಂಡರು. ಮಾರನೆಯ ವರ್ಷ ಹಿರಿಯ ಉಪಾಧ್ಯಾಯಿನಿ ಅಣ್ಣನ ಜೊತೆ ಬೇರೆ ಊರಿಗೆ ಹೋದಾಗ ಶಾಲೆಯ ಹೊಣೆ ನನಗೇ ಬಂತು.

ಇಲ್ಲಿಯವರೆಗಿನದು ನಾನು ಎಷ್ಟೋ ಜನಕ್ಕೆ ಹೆಮ್ಮೆಯಿಂದ ಹೇಳಿರುವ ಕತೆ. ಇನ್ನು ಮುಂದಿನದನ್ನು ಅಷ್ಟಾಗಿ ಹೇಳಿಲ್ಲ.

ನಮ್ಮ ಶಾಲೆಯಲ್ಲಿ ಇನ್ನೊಬ್ಬ ಹೆಂಗಸು ಇದ್ದಳು. ಬೆಳಗ್ಗೆ ಬೀದಿ ಬೀದಿ ತಿರುಗಿ ಹುಡುಗಿಯರನ್ನು ಮನೆಯಿಂದ ಕರೆತರುವುದು, ಸಂಜೆ ಒಬ್ಬೊಬ್ಬರನ್ನೇ ಮನೆಯ ಬಾಗಿಲಿಗೆ ಬಿಟ್ಟು ಬರುವುದು, ನಡುವೆ ಕಸ ಗುಡಿಸಿ, ನೀರು ತುಂಬಿ, ಗಂಟೆ ಹೊಡೆಯುವುದು ಅವಳ ಕೆಲಸ. ಅವಳು ಬಾರದಿದ್ದರೆ ಅರ್ಧ ಶಾಲೆ ಬರುತ್ತಿರಲಿಲ್ಲ. ಒಂಟಿಯಾಗಿ ಹೆಣ್ಣುಮಕ್ಕಳನ್ನು ಬೀದಿಗೆ ಕಳಿಸುವ ರೂಢಿ ಇರಲಿಲ್ಲವಲ್ಲ. ಮಕ್ಕಳು ಅವಳನ್ನು ಅಕ್ಕ ಎನ್ನುತ್ತಿದ್ದರು, ನಾವೂ ಹಾಗೇ ಕರೆಯುತ್ತಿದ್ದೆವು. ಕೊಕ್ಕರೆ ಬೆಳ್ಳೂರಿನ ಒಕ್ಕಲಿನ ಮಗಳು. ಶಿಂಷಾ ದಾಟಿ ಅರ್ಧ ಗಂಟೆ ನಡೆದರೆ ಸಿಗುವ ಒಂದು ಹಳ್ಳಿಗೆ ಮದುವೆಯಾಗಿ ಬಂದಿದ್ದಳು. ಗಂಡನಿಗೆ ಒಂದು ತುಂಡು ಗದ್ದೆ, ಒಂದು ಬಾಡಿಗೆ ಗಾಡಿ.

ಶಾಲೆಯ ಹೊಣೆ ನನಗೆ ಬಂದ ವರ್ಷ, ಆಷಾಢ ಕಳೆಯುವ ಹೊತ್ತಿಗೆ ಅವಳಿಗೆ ಏಳು ತಿಂಗಳು. ಒಂದು ದಿನ ಬಿಂದಿಗೆ ಇಳಿಸಿ ಸೊಂಟ ಹಿಡಿದುಕೊಂಡು ನಿಂತಿದ್ದಾಗ ನಾನೇ ಕರೆದು ಹೇಳಿದೆ. “ಯೋಚನೆ ಮಾಡಬೇಡ ಅಕ್ಕ. ನಮ್ಮ ಶಾಲೆಯಲ್ಲಿ ನಿಯಮ ಇದೆ. ಮೂರು ತಿಂಗಳು ಮನೆಯಲ್ಲಿರು. ಕೆಲಸ ನಿನ್ನದೇ.” ಅವಳ ಮುಖ ಅರಳಿತು. ನಾನು ದೊಡ್ಡ ಉಪಕಾರ ಮಾಡಿದವಳ ಹಾಗೆ ಕಾರ್ಯದರ್ಶಿಗಳ ಮನೆಗೆ ಹೋದೆ.

ಅವರು ನಿಯಮಾವಳಿ ತೆಗೆದು, ತಾವೇ ಬರೆದು ಅಂಟಿಸಿದ್ದ ಹಾಳೆಯನ್ನು ನನ್ನ ಮುಂದೆ ಇಟ್ಟರು. “ಓದಿ ನೋಡಿಯಮ್ಮಾ. ‘ಉಪಾಧ್ಯಾಯಿನಿಯರಿಗೆ.’ ಈಕೆ ಉಪಾಧ್ಯಾಯಿನಿಯೇ?”

ನಾನು ಆ ಸಾಲನ್ನು ಮತ್ತೆ ಓದಿದೆ.

“ನಾನು ಹಾಕಿದ ಪದವಲ್ಲ. ನಿಮ್ಮ ಅರ್ಜಿಯಲ್ಲಿದ್ದದ್ದು. ಬೇಕಿದ್ದರೆ ಅರ್ಜಿ ತೋರಿಸ್ತೀನಿ, ಇಟ್ಟಿದ್ದೀನಿ. ಆಕೆಯ ಜಾಗಕ್ಕೆ ಬೇರೆ ಯಾರನ್ನಾದರೂ ನೋಡಬೇಕಾಗುತ್ತೆ.”

ಅವರ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ನನಗೆ ಸಿಟ್ಟಾದರೂ ಬರುತ್ತಿತ್ತು. ಮನೆಗೆ ಬಂದು ಮಾವನವರಿಗೆ ಹೇಳಿದೆ. ಅವರು ಕೈಯಲ್ಲಿದ್ದ ಪುಸ್ತಕ ಮುಚ್ಚಿಟ್ಟರು. ಆಮೇಲೆ, “ಅರ್ಜಿ ಗೆಲ್ಲಲಿ ಅಂತ ಹೇಳಿದೆ ಕಣಮ್ಮ. ಆ ಹೆಂಗಸಿನ ನೆನಪು ನನಗೆ ಬರಲಿಲ್ಲ,” ಎಂದರು. ನನಗೂ ಬಂದಿರಲಿಲ್ಲ. ದಿನಾ ಅವಳು ತುಂಬಿಟ್ಟ ನೀರು ಕುಡಿಯುತ್ತಿದ್ದವಳು ನಾನು.

ಮಾರನೆಯ ದಿನ ಅಕ್ಕನಿಗೆ ಹೇಳುವುದು ಕಷ್ಟವಾಯಿತು. ಕೇಳಿ ಅವಳು ಅಳಲಿಲ್ಲ. ಪೊರಕೆ ಗೋಡೆಗೆ ಒರಗಿಸಿ ನೆಟ್ಟಗೆ ನಿಂತಳು.

“ಅಂಗಾರೆ ನಾನು ಎಂಗ್ಸಲ್ವಾ ಅಮ್ಮಾವ್ರೆ?”

“ನಾನು ಬರೆಯುವಾಗ ತಪ್ಪು ಮಾಡಿದೆ ಅಕ್ಕ.”

“ನಮ್ಮೂರಾಗೆ ಉಣಸೇ ಮರದ ಮ್ಯಾಲೆ ಕೊಕ್ಕರೆ ಗೂಡು ಕಟ್ತಾವೆ. ಮೊಟ್ಟೆ ಇಟ್ಟಿದ್ರೆ ಆ ಮರಕ್ಕೆ ಒಂದು ಕಲ್ಲೂ ಎಸಿಯಾಕಿಲ್ಲ, ಎರಿಗೆಗೆ ತೌರಿಗೆ ಬಂದವೆ ಅಂತೀವಿ. ಕೊಕ್ಕರೆಗೆ ಇರೋದು ನಂಗಿಲ್ವಾ ನಿಮ್ ಇಸ್ಕೂಲ್ನಾಗೆ?” ಎಂದವಳೇ ಗಂಟೆ ಹೊಡೆಯಲು ಹೋದಳು. ಆ ದಿನ ಗಂಟೆಯ ಸದ್ದು ಬೀದಿಯ ಕೊನೆಗೂ ಕೇಳಿಸಿರಬೇಕು.

ಸಮಿತಿ ಸೇರುವುದು ಇನ್ನೂ ಮೂರು ನಾಲ್ಕು ತಿಂಗಳಿಗೆ. ಅಧ್ಯಕ್ಷರು ಯಾವುದೋ ವ್ಯಾಜ್ಯಕ್ಕೆಂದು ಮೈಸೂರಿನಲ್ಲಿ ಕೂತಿದ್ದರು. ಅಷ್ಟರಲ್ಲಿ ಹೆರಿಗೆಯಾಗಿ, ಬೇರೆಯವಳು ಸೇರಿಕೊಂಡು, ಎಲ್ಲ ಮುಗಿದುಹೋಗುತ್ತಿತ್ತು. ಏನು ಮಾಡಲಿ ಎಂದು ನಾನು ತಲೆ ಕೆಡಿಸಿಕೊಂಡಿರುವಾಗಲೇ ದಾರಿ ತಾನಾಗಿ ನಡೆದುಕೊಂಡು ಬಂತು. ಭಾದ್ರಪದದಲ್ಲಿ ಒಂದು ಬೆಳಗ್ಗೆ, ಅಕ್ಕನ ಬದಲಿಗೆ ಒಬ್ಬ ಮುದುಕಿ ಹತ್ತು ಹನ್ನೆರಡು ಹುಡುಗಿಯರನ್ನು ಕುರಿ ಹೊಡೆದುಕೊಂಡು ಬಂದ ಹಾಗೆ ಒಳಗೆ ಹೊಡೆದುಕೊಂಡು ಬಂದಳು. ಕೈಯಲ್ಲಿ ಒಂದು ಕೋಲು ಬೇರೆ.

“ನಾ ಅವಳ ಅತ್ತೆ. ರಾತ್ರೆ ಗಂಡು ಎತ್ತವ್ಳೆ,” ಎಂದಳು. “ಇವತ್ತಿಂದ ನಾ ಬತ್ತೀನಿ. ನಂಗಾಗ್ದಿದ್ ದಿನ ಪಕ್ಕದ ಮನೆಯೋಳು ಬತ್ತಾಳೆ, ಅವಳಿಗಾಗ್ದಿದ್ರೆ ಅವಳ ವಾರಗಿತ್ತಿ.”

“ಸಂಬಳ ಯಾರ ಕೈಗೆ ಕೊಡಬೇಕು ಅಜ್ಜಿ?”

“ಯಾರಿಗೆ ಅಂದ್ರೆ? ಕೆಲ್ಸ ಯಾರ್ದೋ ಅವಳಿಗೆ. ನಾವು ಮುಯ್ಯಾಳು ಕಣವ್ವ. ನಮ್ ಲೆಕ್ಕ ನಾವು ಅವಳತ್ರ ತೀರಿಸ್ಕೋತೀವಿ.”

ನಾನು ಯಾರನ್ನೂ ಕೇಳಲಿಲ್ಲ. ಕೇಳಿದರೆ ಇಲ್ಲ ಎನ್ನುತ್ತಾರೆ ಎಂದು ಗೊತ್ತಿತ್ತು. ಹಾಗೆಂದು ಕದ್ದೂ ಮಾಡಲಿಲ್ಲ. ಹಾಜರಿ ಪುಸ್ತಕದಲ್ಲಿ ಅಕ್ಕನ ಹೆಸರಿನ ಮುಂದೆ ದಿನವೂ ‘ಬದಲಿ’ ಎಂದು ಬರೆದು, ನನ್ನ ಸಹಿ ಹಾಕಿದೆ. ಯಾರಾದರೂ ನೋಡಿದರೆ ಉತ್ತರ ಹೇಳುವ ಧೈರ್ಯ ನನಗಿತ್ತು.

ಆ ಎರಡು ಎರಡೂವರೆ ತಿಂಗಳು ಶಾಲೆಗೆ ಹೊಸ ಕಳೆ ಬಂತು. ಪಕ್ಕದ ಮನೆಯವಳು ಸೋಬಾನೆ ಪದ ಹೇಳಿಕೊಂಡು ಮಕ್ಕಳನ್ನು ಕರೆತರುತ್ತಿದ್ದಳು. ಅವಳ ವಾರಗಿತ್ತಿಗೆ ಊರಿನ ಬೀದಿಗಳು ಗೊತ್ತಿಲ್ಲದೆ, ಮಕ್ಕಳೇ ಅವಳ ಕೈ ಹಿಡಿದು ಕರೆದುಕೊಂಡು ಬರುತ್ತಿದ್ದರು. ಅಜ್ಜಿಯಂತೂ ಬಿಡುವಾದಾಗ ಕೊಠಡಿಯ ಹೊಸ್ತಿಲಲ್ಲಿ ಕೂತು ನನ್ನ ಪಾಠ ಕೇಳುತ್ತಿದ್ದಳು. ಒಂದು ದಿನ ಮಗ್ಗಿ ತಪ್ಪಿದ ಹುಡುಗಿಯನ್ನು ನಾನು ಗದರಿದಾಗ, “ಬುಡವ್ವ, ಮಗ ಉಂಡೈತೋ ಇಲ್ವೋ,” ಎಂದು ನನಗೇ ಬುದ್ಧಿ ಹೇಳಿದಳು. ವಿಚಾರಿಸಿದರೆ ಆ ಹುಡುಗಿ ನಿಜವಾಗಿಯೂ ಉಂಡಿರಲಿಲ್ಲ.

ವಿಷಯ ಹೊರಬಿದ್ದದ್ದು ಅಜ್ಜಿಯ ಶಿಸ್ತಿನಿಂದಲೇ. ಕಾರ್ಯದರ್ಶಿಗಳ ಕೊನೆಯ ಮಗಳು ನಮ್ಮಲ್ಲಿ ಎರಡನೆಯ ತರಗತಿಯಲ್ಲಿ ಓದುತ್ತಿದ್ದಳು. ಅವಳು ಶಾಲೆಗೆ ಹೋಗಿ ಬರುವ ಹೊತ್ತಿಗೆ ಅವರು ಕೋರ್ಟಿನಲ್ಲಿರುತ್ತಿದ್ದರು. ಒಂದು ಮಧ್ಯಾಹ್ನ ಊರಿಗೆ ಹೊರಡುವ ಆತುರದಲ್ಲಿ ಅವರೇ ಮಗಳನ್ನು ಕರೆದೊಯ್ಯಲು ಬಂದರು. ಬಾಗಿಲಲ್ಲಿ ಅಜ್ಜಿ ಕೋಲು ಅಡ್ಡ ಹಿಡಿದಳು. ನಾನು ಒಳಗಿನಿಂದ ಸದ್ದು ಕೇಳಿ ಬರುವಷ್ಟರಲ್ಲಿ ಜಗಳ ಅರ್ಧ ದಾರಿಗೆ ಬಂದಿತ್ತು.

“ನಾನು ಅವಳ ತಂದೆ!”

“ಇರ್ಬೋದು. ನಿಮ್ ಮಕ ನಂಗೊತ್ತಿಲ್ಲ. ಎಣ್ಮಕ್ಳನ್ನ ಮನೆ ಬಾಗ್ಲಿಗೇ ಬುಡ್ಬೇಕು, ನಡುವೆ ಯಾರ್ ಕೇಳುದ್ರೂ ಕೊಡ್ಬೇಡ ಅಂತ ನನ್ ಸೊಸೆ ಯೋಳವ್ಳೆ.”

“ಈ ಶಾಲೆಯ ಕಾರ್ಯದರ್ಶಿ ನಾನು!”

“ಅದ್ಯಾವ್ ದರ್ಸಿನೋ ನಂಗೊತ್ತಿಲ್ಲ ಬುದ್ದಿ. ಅಗೋ ಅಮ್ಮಾವ್ರು ಬಂದ್ರು, ಅವ್ರು ಯೋಳಿದ್ರೆ ಬುಡ್ತೀನಿ.”

ನಾನು ಹೇಳಿದೆ, ಅವಳು ಬಿಟ್ಟಳು. ಕಾರ್ಯದರ್ಶಿಗಳು ಮಗಳ ಕೈ ಹಿಡಿದುಕೊಂಡೇ ಒಳಗೆ ಬಂದು ಹಾಜರಿ ಪುಸ್ತಕ ಕೇಳಿದರು. ಪುಟ ತಿರುವಿದರು. ಬದಲಿ, ಬದಲಿ, ಬದಲಿ. “ಸಭೆಯಲ್ಲಿ ಮಾತಾಡೋಣ,” ಎಂದಷ್ಟೇ ಹೇಳಿ ಹೊರಟುಹೋದರು.

ಕಾರ್ತಿಕದ ಕೊನೆಯಲ್ಲಿ ಸಭೆ ಸೇರಿತು. ನನಗೂ ಕರೆ ಬಂತು. ಗಂಡಸರ ಸಭೆಯಲ್ಲಿ ಮಾತಾಡುವುದು ಅದೇ ಮೊದಲು. ನಾನು ಹೊರಡುವಾಗ ನಮ್ಮ ಯಜಮಾನರು, “ತಗ್ಗಿ ಮಾತಾಡು,” ಎಂದರು. ಮಾವನವರು, “ಸ್ಪಷ್ಟವಾಗಿ ಮಾತಾಡು,” ಎಂದರು. ನಾನು ಮಾವನವರ ಮಾತು ಕೇಳಿದೆ.

ಕಾರ್ಯದರ್ಶಿಗಳು ವಿಷಯವನ್ನು ನ್ಯಾಯವಾಗಿಯೇ ಮಂಡಿಸಿದರು. ಮುದುಕಿ ತಮ್ಮನ್ನು ತಡೆದದ್ದನ್ನೂ ಮುಚ್ಚಿಡಲಿಲ್ಲ. “ಆಕೆ ಮಾಡಿದ್ದು ಸರಿ. ನನ್ನ ಮಗಳ ಕ್ಷೇಮಕ್ಕೇ ಮಾಡಿದ್ದು. ಆದರೆ ಕೆಲಸ ಮಾಡಿದವರು ಒಬ್ಬರು, ಸಂಬಳ ತೆಗೆದುಕೊಂಡವರು ಇನ್ನೊಬ್ಬರು. ಮಗುವಿಗೆ ಏನಾದರೂ ಆಗಿದ್ದರೆ ನಾವು ಯಾರನ್ನು ಕೇಳಬೇಕಿತ್ತು?”

ಆ ಪ್ರಶ್ನೆ ಸರಿಯಾದದ್ದೇ ಆಗಿತ್ತು. ಅದನ್ನು ನಾನು ಯೋಚಿಸಿಯೇ ಇರಲಿಲ್ಲ.

ಎದ್ದು ನಿಂತು ಹೇಳಿದೆ. “ನನ್ನನ್ನು ಕೇಳಬೇಕಿತ್ತು. ದಿನವೂ ಸಹಿ ಮಾಡಿದವಳು ನಾನು. ಇದರ ಮೂಲದಲ್ಲಿರೋ ತಪ್ಪೂ ನನ್ನದು. ಒಂದೇ ಶಾಲೆಯಲ್ಲಿ ದುಡಿಯೋ ಇಬ್ಬರು ಹೆಂಗಸರಲ್ಲಿ ನನಗೊಂದು ನ್ಯಾಯ, ಆಕೆಗೊಂದು ನ್ಯಾಯ ಆಗೋ ಹಾಗೆ ಅರ್ಜಿ ಬರೆದೆ. ಆ ಪದವನ್ನು ತಿದ್ದಿಕೊಡಿ ಅಂತ ಕೇಳೋಕೆ ಬಂದಿದ್ದೀನಿ. ನನ್ನ ಮೇಲೆ ಕ್ರಮ ತಗೋಬೇಕಾದರೆ ತಗೊಳ್ಳಿ. ಆದರೆ ಮೊದಲು ಪದ ತಿದ್ದಿ.”

ಅಧ್ಯಕ್ಷರು ಕಾರ್ಯದರ್ಶಿಗಳ ಕಡೆ ತಿರುಗಿದರು. “ತಿದ್ದಾಕೆ ಆಯ್ತದಾ?”

“ಆಗುತ್ತೆ. ‘ಶಾಲೆಯಲ್ಲಿ ಕೆಲಸ ಮಾಡುವ ಎಲ್ಲ ಹೆಂಗಸರಿಗೆ’ ಅಂತ ಮಾಡಬಹುದು. ಆದರೆ ಬದಲಿ ಆಳುಗಳ ಪದ್ಧತಿ ನಿಲ್ಲಬೇಕು. ರಜೆ ಅಂದರೆ ರಜೆ, ಅರ್ಧ ಸಂಬಳ. ಆ ದಿನಗಳಿಗೆ ಸಮಿತಿಯೇ ಗೊತ್ತಿರುವ ಒಬ್ಬಳನ್ನು ನೇಮಿಸಬೇಕು.”

“ಮುಯ್ಯಾಳು ಬ್ಯಾಡ ಅಂತೀರಾ?”

“ಗದ್ದೆಯಲ್ಲಿ ಪೈರು ತಪ್ಪಿದರೆ ಮತ್ತೆ ನೆಡಬಹುದು, ಇಲ್ಲಿ ಮಕ್ಕಳು,” ಎಂದರು ಕಾರ್ಯದರ್ಶಿಗಳು.

ಅಧ್ಯಕ್ಷರು ಮೀಸೆ ತೀಡಿಕೊಂಡು ಒಪ್ಪಿದರು. ನಾನೂ ಒಪ್ಪಿದೆ. ಆಗಿಹೋದ ತಿಂಗಳುಗಳ ಪೂರಾ ಸಂಬಳವನ್ನು ಅಕ್ಕನಿಂದ ವಾಪಸು ಕೇಳಬಾರದೆಂದೂ ತೀರ್ಮಾನವಾಯಿತು. ನನ್ನ ಮೇಲೆ ಕ್ರಮದ ಮಾತನ್ನು ಯಾರೂ ಎತ್ತಲಿಲ್ಲ. ಹೊರಗೆ ಬರುವಾಗ ಕಾರ್ಯದರ್ಶಿಗಳು, “ಮುಂದಿನ ಸಲ ಅರ್ಜಿ ಬರೆಯೋ ಮೊದಲು ನನಗೊಮ್ಮೆ ತೋರಿಸಿ,” ಎಂದರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಅಕ್ಕ ಮುಂದಿನ ವಾರ ಕೆಲಸಕ್ಕೆ ಬಂದಳು. ನಿರ್ಣಯವನ್ನು ಓದಿ ಹೇಳಿದಾಗ ಅವಳು ತಲೆಯಾಡಿಸಿದಳು, ಅಷ್ಟೆ. ಬೇಸರವಾದದ್ದು ಅಜ್ಜಿಗೆ. “ಕಾನೂನು ಬಂದ್ಮೇಲೆ ನಾವು ಬರಂಗಿಲ್ವಾ?” ಎಂದು ಬಾಗಿಲಲ್ಲೇ ನಿಂತು ಕೇಳಿದಳು. ಆ ಮೂವರು ಹಳ್ಳಿ ಹೆಂಗಸರು ನಮ್ಮ ಶಾಲೆಯ ಒಳಗೆ ಓಡಾಡಿದ್ದು ಅದೇ ಕೊನೆ. ಬರೆದ ನಿಯಮ ಅಕ್ಕನನ್ನು ಒಳಗೆ ಉಳಿಸಿತು, ಅವರನ್ನು ಹೊರಗೆ ಕಳಿಸಿತು. ಎರಡೂ ಒಂದೇ ಸಹಿಯಿಂದ ಆದದ್ದು. ನಾನು ಅಜ್ಜಿಯ ಕೈ ಹಿಡಿದುಕೊಂಡೆ.

ಸಂಕ್ರಾಂತಿ ಕಳೆದ ಮೇಲೆ ಬೇಸಿಗೆ ಬೆಳೆಯ ನಾಟಿ ಶುರುವಾಯಿತು. ಒಂದು ಭಾನುವಾರ ಅಕ್ಕ ತನ್ನ ಹಳ್ಳಿಗೆ ಕರೆದಳೆಂದು ಹೋದೆ. ಬಂದ ಮೇಲೆ ಸ್ನಾನ ಮಾಡಬೇಕೆಂದು ಅತ್ತೆ ಹೇಳಿಯೇ ಕಳಿಸಿದ್ದರು. ಹೋಗಿ ನೋಡಿದರೆ ಅಕ್ಕ ಮನೆಯಲ್ಲಿರಲಿಲ್ಲ. ಪಕ್ಕದ ಮನೆಯವಳ ಗದ್ದೆಯಲ್ಲಿ ಮೊಣಕಾಲವರೆಗೆ ಕೆಸರಿನಲ್ಲಿ ನಿಂತು, ಸಾಲಿನ ನಡುವೆ ಬಗ್ಗಿ ಪೈರು ನೆಡುತ್ತಿದ್ದಳು. ಹೊಂಗೆ ಮರದ ಕೊಂಬೆಗೆ ಕಟ್ಟಿದ ಸೀರೆಯ ತೊಟ್ಟಿಲಲ್ಲಿ ಮಗು ಕಣ್ಣು ಬಿಟ್ಟುಕೊಂಡಿತ್ತು. ಅಜ್ಜಿ ಪೈರಿನ ಕಟ್ಟು ಎಸೆಯುತ್ತಿದ್ದಳು.

“ಇದೇನು ಅಕ್ಕ, ವಾರಕ್ಕೆ ಒಂದು ದಿನ ಸಿಗೋ ವಿಶ್ರಾಂತಿನೂ ಬಿಟ್ಟು? ಸಮಿತಿಯವರು ಒಪ್ಪಿ ಎಲ್ಲಾ ಸರಿಹೋಯಿತಲ್ಲ?”

ಅವಳು ಸೊಂಟ ನೆಟ್ಟಗೆ ಮಾಡಿ, ಮುಂಗೈಯಿಂದ ಹಣೆ ಒರೆಸಿಕೊಂಡಳು. “ಅದು ಸಮಿತಿಯೋರ್ದು ಅಮ್ಮಾವ್ರೆ. ಇದು ಇವಳ್ದು. ಇವಳು ನನ್ ಕೆಲ್ಸಕ್ಕೆ ಎಷ್ಟ್ ದಿನ ಬಂದವ್ಳೋ ಅಷ್ಟ್ ದಿನ ನಾ ಬರ್ಬೇಕು.”

“ಇನ್ನೂ ಎಷ್ಟು ಭಾನುವಾರ?”

“ಇವಳ್ದು ನಾಲ್ಕು. ಇವಳ ವಾರಗಿತ್ತೀದು ಇನ್ನೂ ಸುರುವೇ ಮಾಡಿಲ್ಲ,” ಎಂದು ನಕ್ಕು ಮತ್ತೆ ಬಗ್ಗಿದಳು. ಪಕ್ಕದ ಮನೆಯವಳು ಸಾಲಿನ ಆ ತುದಿಯಿಂದ ಕೂಗಿದಳು. “ಬಿರ್ರನೆ ನೆಡು ಕಣಮ್ಮಿ, ಇಸ್ಕೂಲ್ ಗಂಟೆ ಒಡಿಯಾಕೆ ಬಂದಿಲ್ಲ ನೀನು!”

ಮಗು ಅಳಲು ಶುರು ಮಾಡಿತು. ಅಕ್ಕನ ಕೈಯೆಲ್ಲ ಕೆಸರು, ಅಜ್ಜಿಯ ಕೈಯೂ ಕೆಸರು. ನನಗೆ ನಾಟಿ ಬರುತ್ತಿರಲಿಲ್ಲ. ಕೊಡೆ ಮಡಿಸಿಟ್ಟು, ಮಗುವನ್ನು ಎತ್ತಿಕೊಂಡು ಬದುವಿನ ಮೇಲೆ ಕೂತೆ. ಸಾಲು ಮುಗಿಯುವ ತನಕ ಅದು ನನ್ನ ತೊಡೆಯ ಮೇಲೆ ನಿದ್ದೆ ಮಾಡಿತು.